ಓದುಗರ ಪ್ರಶ್ನೆ: ದುಡ್ಡು ಕೊಟ್ಟ ಸಾಫ್ಟ್‌ವೇರ್ ಎಷ್ಟು ನಮ್ಮದು?

ಪ್ರಶ್ನೆ: ವಿಂಡೋಸ್ 11 ಇದ್ದ ಹಳೇ ಲ್ಯಾಪ್‌ಟಾಪ್ ತಗೊಂಡೀನ್ರಿ. ಮದರ್‌ಬೋರ್ಡ್ ಸುಟ್ಟು ಬ್ಯಾರೆ ಹಾಕಿಸಿದ ಮ್ಯಾಲೆ ‘ಆಕ್ಟಿವೇಟ್ ಮಾಡ್ರಿ’ ಅಂತ ಬರಾಕತ್ತೈತಿ. ಅಂಗಡಿಯವರು ಐದುನೂರು ರೂಪಾಯಿಗೆ ಕೀ ಕೊಡ್ತೀನಿ ಅಂತಾರ. ತಗೊಳ್ಳಲೇನ್ರಿ?
– ಓದುಗರೊಬ್ಬರು, ಗೋಕಾಕ

ಉತ್ತರ: ಸದ್ಯಕ್ಕೆ ತಗೋಬೇಡಿ. ಮೊದಲು ನಿಮ್ಮ ಲೈಸೆನ್ಸ್ ಯಾವ ಬಗೆಯದು ನೋಡಿ. ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಕೀ ಹಿಡಿದು ಆರ್ ಒತ್ತಿ. ಬರುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಎಸ್‌ಎಲ್‌ಎಂಜಿಆರ್, ಸ್ಪೇಸ್, ಸ್ಲ್ಯಾಶ್, ಡಿಎಲ್‌ಐ (slmgr /dli) ಎಂದು ಟೈಪಿಸಿ ಎಂಟರ್ ಕೊಡಿ. ಸ್ವಲ್ಪ ಹೊತ್ತಿಗೆ ತೆರೆಯುವ ಚಿಕ್ಕ ಕಿಟಕಿಯಲ್ಲಿ ‘ಚಾನೆಲ್’ ಪದಕ್ಕಿಂತ ಮುಂಚೆ ಏನಿದೆ ಓದಿ.

‘ಓಇಎಂ’ ಎಂದಿದ್ದರೆ ಆ ಲೈಸೆನ್ಸ್ ಲ್ಯಾಪ್‌ಟಾಪಿನೊಂದಿಗೇ ಬಂದದ್ದು. ಅದರ ಕೀ, ಅಂದರೆ ಆಕ್ಟಿವೇಟ್ ಮಾಡುವ ಸಂಕೇತ, ಸಾಮಾನ್ಯವಾಗಿ ಮದರ್‌ಬೋರ್ಡಿನ ಚಿಪ್‌ನಲ್ಲೇ ಇರುತ್ತದೆ. ಲ್ಯಾಪ್‌ಟಾಪ್ ಮಾರಿದರೆ ಲೈಸೆನ್ಸೂ ಕೊಂಡವರಿಗೆ ಹೋಗುತ್ತದೆ, ಆದರೆ ಬೋರ್ಡ್ ಹೋದಾಗ ಆ ಕೀಯೂ ಹೋಗುತ್ತದೆ. ಕೆಟ್ಟ ಬೋರ್ಡನ್ನು ತಯಾರಕ ಕಂಪನಿಯೇ ಬದಲಿಸಿದ್ದರೆ ಆಕ್ಟಿವೇಶನ್ ಅವರಿಂದಲೇ ಕೇಳಿ. ‘ರಿಟೇಲ್’ ಎಂದಿದ್ದರೆ ಹಳೆಯದರಿಂದ ತೆಗೆದು ಬೇರೆ ಯಂತ್ರಕ್ಕೆ ಹಾಕುವ ಹಕ್ಕು ನಿಮಗಿದೆ. ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್‌ಗೆ ಹೋಗಿ ಟ್ರಬಲ್‌ಶೂಟ್ ಒತ್ತಿ, ಹಾರ್ಡ್‌ವೇರ್ ಬದಲಾಗಿದೆ ಎಂದು ತಿಳಿಸಿ. ಬೋರ್ಡ್ ಕೆಡುವ ಮುಂಚೆಯೇ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದ್ದರೆ ಮಾತ್ರ ಇದು ನಡೆಯುತ್ತದೆ.

ಅಗ್ಗದ ಕೀಗಳಲ್ಲಿ ಎಷ್ಟೋ ದೊಡ್ಡ ಸಂಸ್ಥೆಗಳಿಗೆಂದು ಕೊಟ್ಟ ವಾಲ್ಯೂಮ್ ಕೀಗಳು. ಸಂಸ್ಥೆಯ ಸರ್ವರ್ ಮೂಲಕ ಆಕ್ಟಿವೇಟ್ ಆಗುವ ‘ಕೆಎಂಎಸ್’ ಬಗೆಯದಾದರೆ ಆಕ್ಟಿವೇಶನ್ 180 ದಿನಕ್ಕೆ ಮುಗಿಯುತ್ತದೆ. ಬಿಲ್ಲಿಲ್ಲದೆ ಕೊಂಡಿರುತ್ತೀರಿ, ಆಮೇಲೆ ಯಾರನ್ನು ಕೇಳುವುದು?

ಪ್ರಶ್ನೆ: ನಮ್ಮ ಡಿಟಿಪಿ ಅಂಗಡಿಯಲ್ಲಿ ಕ್ರ್ಯಾಕ್ ಮಾಡಿದ (ಲೈಸೆನ್ಸಿಲ್ಲದೆ ಓಡುವಂತೆ ಮಾಡಿದ) ಕೋರೆಲ್‌ಡ್ರಾ ಎಂಬ ವಿನ್ಯಾಸದ ಸಾಫ್ಟ್‌ವೇರ್ ಇದೆ. ಕಾನೂನು ಏನು ಹೇಳುತ್ತದೆ? ಬೇರೆ ದಾರಿ ಇದೆಯೇ?
– ಅಂಗಡಿಯವರು, ವಿಜಯಪುರ

ಉತ್ತರ: 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ, ಗೊತ್ತಿದ್ದೂ ನಕಲಿ ಪ್ರತಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕೆ ಅಥವಾ ವ್ಯಾಪಾರಕ್ಕೆ ಬಳಸದವರಿಗೆ ಕೋರ್ಟ್ ಜೈಲು ಬಿಟ್ಟು ದಂಡ ಮಾತ್ರ ಹಾಕಬಹುದು. ಅಂಗಡಿಗೆ ಆ ರಿಯಾಯಿತಿ ಸಿಗುವುದಿಲ್ಲ. ಅದೇ ಕಾಯ್ದೆಯ 52ನೇ ಕಲಂ ಸರಿಯಾಗಿ ಕೊಂಡವರಿಗೆ ಬ್ಯಾಕಪ್ ಪ್ರತಿ ಮಾಡಿಕೊಳ್ಳುವ ಹಕ್ಕು ಕೊಟ್ಟಿದೆ. ಅದು ಹಾಳಾದೀತೆಂದು ತೆಗೆದಿಡುವ ಪ್ರತಿ, ಎರಡನೇ ಕಂಪ್ಯೂಟರಿಗೆ ಹಾಕಲು ಅಲ್ಲ.

ಕಾನೂನಿಗಿಂತ ಹತ್ತಿರದ ಅಪಾಯ ಇನ್ನೊಂದು. ಕ್ರ್ಯಾಕ್ ಓಡಿಸಲು ಆ್ಯಂಟಿವೈರಸ್ ಆಫ್ ಮಾಡಿರುತ್ತೀರಿ. ಅದೇ ಯಂತ್ರದಲ್ಲಿ ಗಿರಾಕಿಗಳ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಆಗುತ್ತಿರುತ್ತವೆ. ಅವರ ದಾಖಲೆ ಕದ್ದುಹೋಗಲು ನಾವು ದಾರಿ ಮಾಡಿಕೊಡಬಾರದು.

ಲಗ್ನಪತ್ರಿಕೆ, ಬ್ಯಾನರ್‌ಗಳಿಗೆ ಇಂಕ್‌ಸ್ಕೇಪ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಕೋರೆಲ್‌ಡ್ರಾದ ಸಿಡಿಆರ್ ಫೈಲನ್ನೂ ತೆರೆಯುತ್ತದೆ, ಆದರೆ ಅಕ್ಷರಗಳ ಜಾಗ ಸರಿದೀತು. ಜೊತೆಗೆ ಪಿಡಿಎಫ್ ಪ್ರತಿ ಇಟ್ಟುಕೊಂಡು ಹೋಲಿಸಿ. ಪುಸ್ತಕದ ಪುಟಗಳಿಗೆ, ಅದೂ ಉಚಿತವೇ ಆದ ಸ್ಕ್ರೈಬಸ್‌ನ 1.6ನೇ ಆವೃತ್ತಿ ಹಾಕಿ. 1.4ರಲ್ಲಿ ಕನ್ನಡದ ಒತ್ತಕ್ಷರ ಒಡೆಯುತ್ತಿದ್ದವು. ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟಿನ ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಬದಲಿಸಿ.

ಪ್ರಶ್ನೆ: ಶಾಲೆಯ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಲಿಬ್ರೆಆಫೀಸ್ (ಉಚಿತ ಆಫೀಸ್ ಸಾಫ್ಟ್‌ವೇರ್) ಹಾಕಬಹುದೇ?
– ಶಿಕ್ಷಕರು, ಇಳಕಲ್ಲ

ಉತ್ತರ: ಹಾಕಿ, ಮಕ್ಕಳಿಗೂ ಪೆನ್‌ಡ್ರೈವ್‌ನಲ್ಲಿ ಕೊಟ್ಟು ಕಳಿಸಿ. ಅದರ ಲೈಸೆನ್ಸೇ ಅದಕ್ಕೆ ಅನುಮತಿ ಕೊಡುತ್ತದೆ. ವಿಂಡೋಸ್ ಜೊತೆ ಬರುವ ತುಂಗಾ ಫಾಂಟನ್ನು ಮಾತ್ರ ಹಾಗೆ ಹಂಚುವಂತಿಲ್ಲ. ಅದರ ಬದಲು ಮುಕ್ತ ಲೈಸೆನ್ಸಿನ ನೋಟೊ ಸ್ಯಾನ್ಸ್ ಕನ್ನಡ ಕೊಡಿ.