ಜನ್ಮಮಾಸದ ಮರವೂ ಬನದ ಮರವೂ

ಪ್ರಶ್ನೆ: ನಮ್ಮ ತರವಾಡು ಮನೆಯ ನಾಗಬನದಲ್ಲಿ ಹಳೆಯದೊಂದು ಹಾಲೆಮರವಿದೆ. ಅಲ್ಲಿಂದ ಒಣಗಿದ ಗೆಲ್ಲನ್ನೂ ಯಾರೂ ಸೌದೆಗೆ ತರುವುದಿಲ್ಲ. ಐರ್ಲೆಂಡಿನ ಕೆಲ್ಟ್ ಜನರಲ್ಲಿಯೂ ಇಂತಹ ನಂಬಿಕೆ ಇತ್ತೆಂದೂ, ಹುಟ್ಟಿದ ತಿಂಗಳಿಗೊಂದು ಮರವಿದ್ದು ಅದು ಮನುಷ್ಯನ ಸ್ವಭಾವವನ್ನು ಸೂಚಿಸುತ್ತದೆಂದೂ ಓದಿದೆ. ಇದು ನಿಜವೇ? ಅವರ ಮರಗಳನ್ನು ನಮ್ಮ ಬನದ ಮರಗಳಂತೆಯೇ ತಿಳಿಯಬಹುದೇ?
— ಓದುಗರೊಬ್ಬರು, ಬದಿಯಡ್ಕ, ಕಾಸರಗೋಡು

ಉತ್ತರ: ಜನ್ಮಮಾಸದ ಮರದ ಮಾತನ್ನು ಮೊದಲು ಬದಿಗಿಡೋಣ. ಐರ್ಲೆಂಡಿನ ಪ್ರಾಚೀನ ಓಘಮ್ ಲಿಪಿಯ ಇಪ್ಪತ್ತು ಅಕ್ಷರಗಳಲ್ಲಿ ಕೆಲವಕ್ಕೆ ಮರದ ಹೆಸರಿರುವುದು ನಿಜ. ‘ದಾಇರ್’ ಎಂದರೆ ಓಕ್, ‘ಬೆಹ್’ ಎಂದರೆ ಬರ್ಚ್. ಆದರೆ ಆ ಹೆಸರುಗಳನ್ನು ಹದಿಮೂರು ತಿಂಗಳುಗಳ ಪಂಚಾಂಗವಾಗಿ ಜೋಡಿಸಿದವರು 1948ರಲ್ಲಿ ಈ ಕುರಿತು ಗ್ರಂಥ ಪ್ರಕಟಿಸಿದ ಇಂಗ್ಲಿಷ್ ಕವಿ ರಾಬರ್ಟ್ ಗ್ರೇವ್ಸ್. ಜನ್ಮಫಲ ಹೇಳುವ ಪಟ್ಟಿಗಳು ಅದರ ಮೇಲೆ ಬೆಳೆದವು. ಅದನ್ನು ಪ್ರಾಚೀನ ಕೆಲ್ಟರ ನಂಬಿಕೆಯೆಂದು ಕರೆಯಲಾಗದು.

ಹಳೆಯ ಐರಿಷ್ ಮೂಲಗಳಲ್ಲಿ ಪವಿತ್ರವೆನಿಸಿದ್ದು ಒಂದು ಜಾತಿಯ ಎಲ್ಲ ಮರಗಳಲ್ಲ, ಗೊತ್ತಾದ ಸ್ಥಳದಲ್ಲಿ ನಿಂತಿದ್ದ ಒಂದೊಂದು ಮರ. ಅಂತಹ ಮರಕ್ಕೆ ‘ಬಿಲೆ’ ಎಂಬ ಪ್ರತ್ಯೇಕ ಹೆಸರಿತ್ತು. ಐರ್ಲೆಂಡಿನ ಐದು ಮಹಾವೃಕ್ಷಗಳ ಕಥೆಯಲ್ಲಿ ಒಂದು ಓಕ್, ಒಂದು ಯೂ, ಮೂರು ಆ್ಯಶ್ ಮರಗಳು ಬರುತ್ತವೆ. ಅವುಗಳಲ್ಲಿ ಮುಗ್ನಾದ ಓಕ್ ಮರವು ಸೇಬು, ಗಟ್ಟಿ ಚಿಪ್ಪಿನ ಕಾಯಿ (ನಟ್), ಓಕ್ ಬೀಜ ಎಂಬ ಮೂರು ಫಲಗಳನ್ನು ಕೊಡುತ್ತಿತ್ತೆಂಬ ಐತಿಹ್ಯವಿದೆ. ಬನಕ್ಕೆ ಸೇರಿದ ಹಾಲೆಗೆ ಒಂದು ಮರ್ಯಾದೆ, ಗುಡ್ಡದ ಹಾಲೆಗೆ ಇನ್ನೊಂದು ಎಂಬುದು ನಿಮಗೆ ಹೇಳಿಕೊಡಬೇಕಾದ ವಿಷಯವಲ್ಲ.

ಬಿಲೆಗೆ ರಾಜ್ಯದೊಂದಿಗೂ ನಂಟಿತ್ತು. ಕ್ಲೇರ್ ಜಿಲ್ಲೆಯ ಮಾ ಆಯರ್ ಎಂಬಲ್ಲಿ ದಾಲ್ ಗಾಶ್ ವಂಶದ ಅರಸರು ಪಟ್ಟವೇರುತ್ತಿದ್ದ ಸ್ಥಳದಲ್ಲಿ ಒಂದು ಮರವಿದ್ದು, 982ರಲ್ಲಿ ವೈರಿ ಅರಸ ಮಾಲ್ ಸೆಖ್ನಾಲ್ ದಂಡೆತ್ತಿ ಬಂದು ಅದನ್ನು ಬೇರುಸಹಿತ ಕೀಳಿಸಿ ಕಡಿಸಿದನು. ಕೋಟೆಯನ್ನು ಕೆಡವಿದರೆ ಮತ್ತೆ ಕಟ್ಟಬಹುದು. ತಲೆಮಾರುಗಳ ಪಟ್ಟಕ್ಕೆ ಸಾಕ್ಷಿಯಾಗಿದ್ದ ಮರವನ್ನು ಬುಡಸಮೇತ ತೆಗೆದರೆ ಆ ವಂಶದ ಮಾನವೇ ಹೋದಂತೆ ಎಂಬ ಭಾವನೆ ಆ ಕಾರ್ಯದ ಹಿಂದಿದ್ದಿರಬೇಕು ಎಂದು ನಾನು ಭಾವಿಸುತ್ತೇನೆ.

ಅದೇ ಕ್ಲೇರ್ ಜಿಲ್ಲೆಯ ಲಟೂನ್‌ನಲ್ಲಿ, ಸಾವಿರ ವರ್ಷಗಳ ಬಳಿಕ, ಹೆದ್ದಾರಿಗಾಗಿ ಹಾಥಾರ್ನ್ ಎಂಬ ಒಂಟಿ ಮುಳ್ಳುಮರವನ್ನು ಕಡಿಯಬೇಕಾಗಿ ಬಂದಿತು. ಮನ್‌ಸ್ಟರ್ ಪ್ರಾಂತದ ಯಕ್ಷಿಣಿಯರು ಕೊನಾಟ್ ಪ್ರಾಂತದವರ ಮೇಲೆ ಕಾಳಗಕ್ಕೆ ಹೊರಡುವ ಮೊದಲು ಸೇರುವ ಜಾಗ ಅದೆಂದು ಕಥೆಗಾರ ಎಡ್ಡಿ ಲೆನಿಹನ್ 1999ರಲ್ಲಿ ಬಹಿರಂಗವಾಗಿ ಎಚ್ಚರಿಸಿದರು; ಕೊನೆಗೆ ಮರವನ್ನು ಉಳಿಸಿಕೊಂಡೇ ರಸ್ತೆ ನಿರ್ಮಾಣವಾಯಿತು. ಹೆದ್ದಾರಿ ಅಗಲವಾಗುವಾಗ ನಮ್ಮ ಕಾಸರಗೋಡಿನ ಹಾದಿಬದಿಯ ಮರಗಳು ಉರುಳಿದ್ದನ್ನು ಕಂಡವನಾದ ನನಗೆ ಈ ಸುದ್ದಿ ಮನಸ್ಸಿಗೆ ತಟ್ಟುತ್ತದೆ.

ಆದರೂ ಅವರ ಯಕ್ಷಿಣಿಯರನ್ನು ನಮ್ಮ ದೈವಗಳೊಂದಿಗೆ ಸಮೀಕರಿಸಬಾರದು. ನಾಗಬನಕ್ಕೆ ನಾವು ಕುಟುಂಬಸಮೇತ ಹೋಗಿ ತಂಬಿಲ ಸಲ್ಲಿಸುತ್ತೇವೆ, ಹಾಲೆರೆಯುತ್ತೇವೆ, ತಪ್ಪಾಗಿದ್ದರೆ ಕ್ಷಮೆ ಬೇಡುತ್ತೇವೆ. ಹೊಲದ ಒಂಟಿ ಹಾಥಾರ್ನಿನ ವಿಷಯದಲ್ಲಿ ಐರಿಷ್ ರೈತನು ಪಾಲಿಸುವ ನಿಯಮವೆಂದರೆ ಅದನ್ನು ಮುಟ್ಟದೆ, ಉಳುವಾಗಲೂ ಅದರ ಸುತ್ತ ನೆಲ ಬಿಟ್ಟು ಮುಂದೆ ಸಾಗುವುದು. ನಿಮ್ಮ ಬನದ ಒಣಗೆಲ್ಲನ್ನು ತಾರದೆ ಬಿಡುವವರ ರೀತಿಯೇ ಅದಕ್ಕೆ ಹೆಚ್ಚು ಹತ್ತಿರ.