ಅರ್ಮಾ ದುರಂತ ಮತ್ತು ರೈಲಿನ ಬ್ರೇಕ್

ಪ್ರಶ್ನೆ: ಓಡುವ ರೈಲಿನಿಂದ ಬೋಗಿಗಳು ಕಳಚಿಕೊಂಡರೆ ಅವಕ್ಕೆ ತಾವಾಗಿಯೇ ಬ್ರೇಕ್ ಬೀಳುತ್ತದೆಯಂತೆ. ಬ್ರಿಟನ್ನಿನಲ್ಲಿ ಈ ಏರ್ಪಾಡು ಕಡ್ಡಾಯವಾದದ್ದು ಐರ್ಲೆಂಡಿನ ಒಂದು ಅಪಘಾತದ ನಂತರ ಎಂದು ಓದಿದ್ದೇನೆ. ಅಲ್ಲಿ ನಡೆದದ್ದೇನು?

ಉತ್ತರ: ನೀವು ಓದಿರುವುದು ಅರ್ಮಾ ದುರಂತದ ವಿಷಯ. 1889ರ ಜೂನ್ 12ರಂದು ಅರ್ಮಾ ಪಟ್ಟಣದ ಮೆಥಡಿಸ್ಟ್ ಚರ್ಚಿನ ಭಾನುವಾರದ ಶಾಲೆಯ ಮಕ್ಕಳು ತಮ್ಮ ಮನೆಯವರೊಂದಿಗೆ ಕಡಲತೀರದ ವಾರನ್‌ಪಾಯಿಂಟ್‌ಗೆ ಪ್ರವಾಸ ಹೊರಟಿದ್ದರು. ವಿಶೇಷ ರೈಲಿನ 15 ಗಾಡಿಗಳಲ್ಲಿ ಸುಮಾರು 940 ಜನ ಕಿಕ್ಕಿರಿದಿದ್ದರು; ಟಿಕೆಟ್ ಇಲ್ಲದವರು ಹತ್ತಬಾರದೆಂದು ಬಾಗಿಲುಗಳಿಗೆ ಬೀಗ ಹಾಕಲಾಗಿತ್ತು. ಊರು ದಾಟಿದೊಡನೆ ಎದುರಾಗುವ ಕಡಿದಾದ ಏರಿನಲ್ಲಿ, ನೆತ್ತಿ ತಲುಪಲು ತುಸುವೇ ದೂರವಿದ್ದಾಗ, ಅಷ್ಟು ಭಾರ ಎಳೆಯಲಾರದೆ ಎಂಜಿನ್ ನಿಂತುಬಿಟ್ಟಿತು.

ರೈಲನ್ನು ಎರಡು ಭಾಗ ಮಾಡಿ, ಮೊದಲ 5 ಗಾಡಿಗಳನ್ನು ಮುಂದಿನ ನಿಲ್ದಾಣಕ್ಕೆ ಮುಟ್ಟಿಸಿ, ಉಳಿದ 10 ಗಾಡಿಗಳಿಗಾಗಿ ಮರಳಿ ಬರುವುದೆಂದು ಸಿಬ್ಬಂದಿ ತೀರ್ಮಾನಿಸಿದರು. ಅನಾಹುತದ ಬೇರು ಇರುವುದು ಇಲ್ಲಿಯೇ. ಆ ರೈಲಿಗಿದ್ದದ್ದು ಸಾದಾ ನಿರ್ವಾತ ಬ್ರೇಕ್. ಎಂಜಿನ್ ಕೊಳವೆಯೊಳಗಿನ ಗಾಳಿಯನ್ನು ಹೀರಿದಾಗ ಮಾತ್ರ ಅದು ಚಕ್ರಗಳನ್ನು ಹಿಡಿಯುತ್ತಿತ್ತು. ಕೊಳವೆ ಬಿಚ್ಚಿದ ಕ್ಷಣವೇ ಹಿಂದಿನ 10 ಗಾಡಿಗಳ ಬ್ರೇಕ್ ಸಡಿಲಗೊಂಡು, ಅಷ್ಟೂ ಭಾರ ಕೊನೆಯ ಬ್ರೇಕ್ ವ್ಯಾನಿನ ಹ್ಯಾಂಡ್‌ಬ್ರೇಕ್ ಮೇಲೆಯೂ ಚಕ್ರಗಳಡಿ ಇಟ್ಟ ಕೆಲವು ಕಲ್ಲುಗಳ ಮೇಲೆಯೂ ಬಿತ್ತು. ಮುಂದಿನ ಭಾಗ ಹೊರಡುವಾಗ ತುಸು ಹಿಂದೆ ಜಾರಿ ಇವುಗಳಿಗೆ ತಗುಲಿತು, ಕಲ್ಲುಗಳು ಪುಡಿಯಾದವು. ಇಳಿಜಾರಿನಲ್ಲಿ ವೇಗ ಹೆಚ್ಚಿಸಿಕೊಳ್ಳುತ್ತಾ ಸಾಗಿದ ಗಾಡಿಗಳು ಅದೇ ಹಳಿಯಲ್ಲಿ ಏರಿ ಬರುತ್ತಿದ್ದ ಮತ್ತೊಂದು ರೈಲಿಗೆ ಅಪ್ಪಳಿಸಿದವು. ಬೀಗ ಹಾಕಿದ್ದ ಗಾಡಿಗಳಿಂದ ಹೊರಗೆ ಬರುವುದು ಒಳಗಿದ್ದವರಿಗೆ ಸುಲಭವಿರಲಿಲ್ಲ. ಸತ್ತ ಸುಮಾರು 80 ಜನರಲ್ಲಿ ಅನೇಕರು ಮಕ್ಕಳು. ಗಾಯಗೊಂಡವರು ಸುಮಾರು 260.

ರೈಲನ್ನು ಬೇರ್ಪಡಿಸಿದವರ ತಪ್ಪು ಸಣ್ಣದಲ್ಲ. ಆದರೆ ಹೊಣೆಯೆಲ್ಲವನ್ನೂ ಅವರ ತಲೆಗೇ ಕಟ್ಟುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಸ್ವಯಂಚಾಲಿತ ಬ್ರೇಕ್ ಆಗಲೇ ಬಳಕೆಯಲ್ಲಿತ್ತು. ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿಯೇ ಅಂಥದೊಂದಕ್ಕೆ ಪೇಟೆಂಟ್ ಪಡೆದಿದ್ದರು. ಅದರ ತತ್ತ್ವ ಸಾದಾ ಬ್ರೇಕಿಗೆ ತದ್ವಿರುದ್ಧ: ಕೊಳವೆಯಲ್ಲಿ ಒತ್ತಡ ಇರುವವರೆಗೆ ಚಕ್ರಗಳು ಸ್ವತಂತ್ರ, ಒತ್ತಡ ಕುಸಿದರೆ ಬ್ರೇಕ್. ನಿರ್ವಾತದ ಸ್ವಯಂಚಾಲಿತ ಮಾದರಿಯಲ್ಲಿಯೂ ಕೊಳವೆ ತುಂಡಾಗಿ ಗಾಳಿ ನುಗ್ಗಿದರೆ ಬ್ರೇಕ್ ಬೀಳುತ್ತದೆ. ಅರ್ಮಾದ ರೈಲಿಗೆ ಇವುಗಳಲ್ಲಿ ಯಾವುದೊಂದಿದ್ದರೂ ಆ 10 ಗಾಡಿಗಳು ನಿಂತಲ್ಲೇ ನಿಲ್ಲುತ್ತಿದ್ದವು. ಇಂಥ ಬ್ರೇಕ್ ಅಳವಡಿಸಬೇಕೆಂದು ಸರ್ಕಾರದ ತನಿಖಾಧಿಕಾರಿಗಳು ವರ್ಷಗಳಿಂದ ಹೇಳುತ್ತಲೇ ಬಂದಿದ್ದರೂ ಕಂಪನಿಗಳನ್ನು ಒತ್ತಾಯಿಸುವ ಅಧಿಕಾರ ಅವರಿಗಿರಲಿಲ್ಲ.

ಆ ಅಧಿಕಾರವನ್ನು ಬ್ರಿಟಿಷ್ ಸಂಸತ್ತು ಕೊಟ್ಟಿದ್ದು ದುರಂತ ನಡೆದ ಮೂರು ತಿಂಗಳೊಳಗೆ, 1889ರ ರೈಲ್ವೆ ನಿಯಂತ್ರಣ ಕಾಯ್ದೆಯ ಮೂಲಕ. ಪ್ರಯಾಣಿಕರ ರೈಲುಗಳಿಗೆ ಸ್ವಯಂಚಾಲಿತ ಬ್ರೇಕನ್ನಷ್ಟೇ ಅಲ್ಲದೆ, ಮುಂದಿನ ರೈಲು ಒಂದು ವಿಭಾಗವನ್ನು ದಾಟಿದ್ದು ಖಚಿತವಾಗುವವರೆಗೆ ಹಿಂದಿನದನ್ನು ಅದರೊಳಗೆ ಬಿಡದಿರುವ ಬ್ಲಾಕ್ ಪದ್ಧತಿಯನ್ನೂ ಅದು ವಿಧಿಸಲು ಅವಕಾಶ ಕೊಟ್ಟಿತು. ಅರ್ಮಾದಲ್ಲಿ ಎರಡನೆಯ ರೈಲನ್ನು ಬಿಟ್ಟದ್ದು, ಮೊದಲನೆಯದು ಹೊರಟು ಸಾಕಷ್ಟು ಹೊತ್ತಾಯಿತೆಂಬ ಗಡಿಯಾರದ ಲೆಕ್ಕವನ್ನು ನಂಬಿ.