ಎಂಟು ವರ್ಷ ಸಾಕಿದ ನಾಯಿ ಮಗಳಿಗೇ ಕಚ್ಚಿತು, ಏನು ಮಾಡಲಿ?

ಪ್ರಶ್ನೆ: ನಮ್ಮ ಮನೆಯಲ್ಲಿ ಎಂಟು ವರ್ಷದ ಗಂಡು ಲ್ಯಾಬ್ರಡಾರ್ ಇದೆ, ಹೆಸರು ರಾಜ. ಮರಿ ಇದ್ದಾಗಿನಿಂದ ಒಬ್ಬರಿಗೂ ಹಲ್ಲು ತೋರಿಸಿದ್ದಲ್ಲ. ಐದು ವರ್ಷದ ಮಗಳು ಅದಕ್ಕೆ ಒರಗಿಕೊಂಡೇ ಬೆಳೆದವಳು. ಎರಡು ತಿಂಗಳಿಂದ ಸ್ವಲ್ಪ ಮಂಕಾಗಿತ್ತು. ಬೆಳಿಗ್ಗೆ ಏಳೋಕೆ ಸೋಮಾರಿತನ, ಕಾರು ತಾನಾಗಿ ಹತ್ತಲ್ಲ, ಎತ್ತಿ ಕೂರಿಸಬೇಕು. ಯುಗಾದಿ ಹೊತ್ತಿಗೆ ಮಗಳು ಸೊಂಟ ತಬ್ಬಿದಾಗ ಗುರ್ ಅಂತು. ನಮ್ಮನೆಯವರು ಚಪ್ಪಲಿಯಲ್ಲಿ ಎರಡು ಬಿಟ್ಟರು. ಇನ್ನೊಂದು ಸಲವೂ ಹಾಗೇ ಆಯಿತು, ಮತ್ತೆ ಏಟು ಬಿತ್ತು. ಆಮೇಲೆ ಗುರುಗುಟ್ಟುವುದನ್ನು ಬಿಟ್ಟಿತ್ತು. ಮೊನ್ನೆ ಭಾನುವಾರ ಮಲಗಿದ್ದಾಗ ಮಗಳು ಅದರ ಬೆನ್ನ ಮೇಲೆ ಕೂರಲು ಹೋದಳು. ಸದ್ದೇ ಮಾಡದೆ ತಿರುಗಿ ಮುಂಗೈಗೆ ಕಚ್ಚಿಬಿಟ್ಟಿತು. ಎರಡು ಹಲ್ಲು ನೆಟ್ಟು ರಕ್ತ ಬಂತು. ತೊಳೆದು ಅರಿಶಿನ ಹಚ್ಚಿದ್ದೇವೆ. ಹೋದ ವರ್ಷದ ರೇಬೀಸ್ ಲಸಿಕೆ ತಪ್ಪಿಹೋಗಿದೆ. ‘ನೀರು ಕುಡೀತಿದೆ, ಹುಚ್ಚೇನಲ್ಲ, ಇಂಜೆಕ್ಷನ್ ಬೇಡ’ ಅಂತಾರೆ ಅತ್ತೆ. ಎಲ್ಲಾದರೂ ದೂರ ಬಿಟ್ಟು ಬರೋಣ ಅಂತಾರೆ ನಮ್ಮನೆಯವರು. ನನಗೆ ಎರಡಕ್ಕೂ ಮನಸ್ಸಿಲ್ಲ. ದಿಢೀರ್ ಅಂತ ಯಾಕೆ ಹೀಗಾಯಿತು?
– ಹೆಸರು ಬೇಡ, ದಾವಣಗೆರೆ

ಉತ್ತರ: ಪತ್ರದ ಕೊನೆಯಲ್ಲಿ ಫೋನ್ ನಂಬರ್ ಬರೆದಿದ್ದು ಒಳ್ಳೆಯದಾಯಿತು. ಓದಿದ ತಕ್ಷಣ ಫೋನ್ ಮಾಡಿ, ಮೊದಲು ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದೆ. ಅವತ್ತೇ ಹೋದಿರಿ. ಅದನ್ನೇ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ, ಯಾಕಂದರೆ ನಿಮ್ಮತ್ತೆ ಹೇಳಿದ ಮಾತನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ.

ನೀರು ಕಂಡರೆ ಹೆದರುವುದು ರೇಬೀಸ್ ಬಂದ ಮನುಷ್ಯರಲ್ಲಿ ಕಾಣುವ ಲಕ್ಷಣ. ನಾಯಿಯಲ್ಲಿ ಹಾಗೆ ಆಗಲೇಬೇಕು ಅಂತಿಲ್ಲ. ರೇಬೀಸ್ ಬಂದ ನಾಯಿ ನೀರಿನ ಬಟ್ಟಲಿಗೆ ಬಾಯಿ ಹಾಕಬಹುದು, ನುಂಗೋಕೆ ಆಗದೇ ಇರಬಹುದು ಅಷ್ಟೇ. ಹಾಗಾಗಿ ನೀರು ಕುಡೀತಿದೆ ಅನ್ನುವುದು ಪರೀಕ್ಷೆ ಅಲ್ಲ. ಸಾಕಿದ ನಾಯಿಯೇ ಕಚ್ಚಿರಲಿ, ಗಾಯವನ್ನು ಸೋಪು ಹಚ್ಚಿ ಹರಿಯುವ ನಲ್ಲಿ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡು ತೊಳೆಯಿರಿ, ಸುಮ್ನೆ ತೊಳೆದರೆ ಎರಡು ನಿಮಿಷಕ್ಕೇ ಸಾಕು ಅನ್ನಿಸಿಬಿಡುತ್ತದೆ. ಅರಿಶಿನ, ಸುಣ್ಣ, ಕಾಫಿಪುಡಿ, ಖಾರದ ಪುಡಿ ಯಾವುದೂ ಬೇಡ. ಆಮೇಲೆ ನೇರ ಆಸ್ಪತ್ರೆ. ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು, ಗಾಯದ ಸುತ್ತಲೇ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಅನ್ನುವ ಇನ್ನೊಂದು ಇಂಜೆಕ್ಷನ್ ಕೂಡ ಬೇಕಾಗುತ್ತದೆ. ಅದನ್ನು ಬಾಯಿ ಬಿಟ್ಟು ಕೇಳಿ. ಲಸಿಕೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ, ಸ್ನಾಯುವಿಗೆ ಕೊಡುವ ಕಡೆ 14ನೇ ದಿನವೂ ಇರುತ್ತದೆ.

ರಾಜನನ್ನು ಕಚ್ಚಿದ ದಿನದಿಂದ 10 ದಿನ ಮನೆಯಲ್ಲೇ ಇಟ್ಟು ನೋಡಬೇಕು. 10 ದಿನ ಆದಮೇಲೂ ಊಟ ಮಾಡಿಕೊಂಡು ಚೆನ್ನಾಗಿದ್ದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲ ಅಂತ ಅರ್ಥ. ಆದರೆ ಆ 10 ದಿನ ಕಾದು ನೋಡಿ ಆಮೇಲೆ ಮಗುವಿಗೆ ಲಸಿಕೆ ಶುರು ಮಾಡುವುದಲ್ಲ. ಶುರು ಮಾಡಿಯೇ ಕಾಯಬೇಕು, ಮುಂದಿನ ಡೋಸ್ ಬೇಕೋ ಬೇಡವೋ ಅನ್ನುವುದನ್ನು ವೈದ್ಯರು ಹೇಳಲಿ. ದೂರ ಎಲ್ಲೋ ಬಿಟ್ಟು ಬಂದರೆ ಈ ಗಮನಿಸುವ ದಾರಿಯೇ ಮುಚ್ಚಿಹೋಗುತ್ತದೆ, ಇದನ್ನು ನಿಮ್ಮ ಮನೆಯವರಿಗೆ ಹೇಳಿ.

ಈಗ ನಿಮ್ಮ ಪ್ರಶ್ನೆ. ದಿಢೀರ್ ಅಂತ ಯಾಕೆ ಹೀಗಾಯಿತು?

ದಿಢೀರ್ ಅಂತ ಆಗಲಿಲ್ಲ. ನಿಮ್ಮ ಪತ್ರವನ್ನೇ ಇನ್ನೊಂದು ಸಲ ಓದಿ ನೋಡಿ, ಉತ್ತರ ನೀವೇ ಬರೆದಿದ್ದೀರಿ. ಏಳೋಕೆ ಸೋಮಾರಿತನ, ಕಾರು ಹತ್ತಲ್ಲ, ಸೊಂಟ ತಬ್ಬಿದಾಗ ಗುರ್ ಅಂತು, ಬೆನ್ನ ಮೇಲೆ ಕೂತಾಗ ಕಚ್ಚಿತು. ಎಲ್ಲವೂ ಒಂದೇ ಜಾಗವನ್ನು ತೋರಿಸುತ್ತಿವೆ. ನಾನು ಕಣ್ಣಾರೆ ನೋಡದೆ ಇದೇ ಅಂತ ಹೇಳಲಾರೆ, ಆದರೆ ಲ್ಯಾಬ್ರಡಾರ್ ಜಾತಿಯಲ್ಲಿ ಸೊಂಟದ ಕೀಲು ಸವೆಯುವುದು ತುಂಬಾ ಸಾಮಾನ್ಯ. ಎಂಟು ವರ್ಷ ಅಂದರೆ ಅದಕ್ಕೆ ವಯಸ್ಸಾಯಿತು. ನೀವು ಫೋನಿನಲ್ಲಿ ಹೇಳಿದ 44 ಕೆ.ಜಿ. ತೂಕವೂ ಜಾಸ್ತಿಯೇ, ಸಾಮಾನ್ಯವಾಗಿ ಗಂಡು ಲ್ಯಾಬ್ರಡಾರ್ 30ರಿಂದ 36 ಕೆ.ಜಿ. ಇದ್ದರೆ ಸಾಕು. ನೋವಿರುವ ಜಾಗದ ಮೇಲೆ ಮಗು ಕೂತರೆ ಅದು ಇನ್ನೇನು ಮಾಡಬೇಕಿತ್ತು? ಬಾಯಿ ಬಿಟ್ಟು ‘ಅಯ್ಯೋ, ನೋವು’ ಅನ್ನೋಕೆ ಬರುವುದಿಲ್ಲವಲ್ಲ.

ಇವತ್ತು ಸಂಜೆ ಅದು ಮಲಗಿದ್ದಲ್ಲಿಂದ ಏಳುವುದನ್ನು ಪಕ್ಕದಲ್ಲಿ ಕೂತು ನೋಡಿ. ಮುಂಗಾಲು ಊರಿ ಎದೆ ಎತ್ತುತ್ತದೆ, ಅಲ್ಲೇ ಒಂದು ಕ್ಷಣ ನಿಲ್ಲುತ್ತದೆ, ಹಿಂದಿನ ಕಾಲನ್ನು ಎಳೆದುಕೊಂಡ ಹಾಗೆ ಮೇಲೆ ತರುತ್ತದೆ, ಎದ್ದ ಮೇಲೆ ನಾಲ್ಕು ಹೆಜ್ಜೆ ಪೆಡಸಾಗಿ ಇಟ್ಟು ಆಮೇಲೆ ಸರಿಯಾಗಿ ನಡೆಯುತ್ತದೆ. ಕೂರುವಾಗ ಎರಡೂ ಕಾಲು ಮಡಚದೆ ಒಂದೇ ಪಕ್ಕಕ್ಕೆ ವಾಲಿ ಕೂರಬಹುದು. ಕೆಲವು ನಾಯಿಗಳು ನೋಯುವ ಕೀಲನ್ನು ನೆಕ್ಕಿ ನೆಕ್ಕಿ, ಅಲ್ಲಿನ ಬಿಳಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ಇದನ್ನೆಲ್ಲ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿಕೆಗೆ ನೋವನ್ನೇ ಮುಚ್ಚಿಡುವ ನಾಯಿಗಳು ಬೇಕಾದಷ್ಟಿವೆ, ಆಗ ನನ್ನಂಥವರಿಗೆ ಆ ವಿಡಿಯೋವೇ ದಾರಿ ತೋರಿಸುತ್ತದೆ.

ಸೊಂಟ ಒಂದೇ ಅಲ್ಲ. ಕಿವಿ ಕೀವಾಗಿರಬಹುದು, ಎಲುಬು ಕಡಿದು ದವಡೆ ಹಲ್ಲು ಸೀಳಿರಬಹುದು, ಕಣ್ಣು ಮಂಜಾಗಿ ಹತ್ತಿರ ಬಂದ ಕೈ ಕಾಣದೆ ಬೆಚ್ಚಿಬಿದ್ದಿರಬಹುದು, ಥೈರಾಯ್ಡ್ ಕಮ್ಮಿಯಾಗಿರಬಹುದು, ಅಪರೂಪಕ್ಕೆ ಮೆದುಳಿನ ತೊಂದರೆಯೂ ಇರುತ್ತದೆ. ಅದಕ್ಕೇ ಎಕ್ಸ್-ರೇ ಮತ್ತು ರಕ್ತ ಪರೀಕ್ಷೆ ಎರಡೂ ಮಾಡಿಸಿ. ಮೊದಲ 10 ದಿನದೊಳಗೆ ಕರೆದೊಯ್ಯುವುದಾದರೆ ಕಚ್ಚಿದ ವಿಷಯವನ್ನು ಮುಂಚೆಯೇ ಫೋನಿನಲ್ಲಿ ಹೇಳಿ, ಬಾಯಿಕುಕ್ಕೆ ಹಾಕಿಕೊಂಡು ಹೋಗಿ. ನಿಮ್ಮೂರಿನಲ್ಲಿ ಅನುಕೂಲ ಇಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ದೂರವೇನಲ್ಲ.

ಒಂದು ಮಾತು, ದಯವಿಟ್ಟು. ನೋವು ಅಂತ ನಾನು ಅಂದ ತಕ್ಷಣ ಮನೆಯ ಡಬ್ಬಿಯಲ್ಲಿರುವ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್, ಪ್ಯಾರಾಸಿಟಮಾಲ್ ನಾಯಿಯ ಹೊಟ್ಟೆ, ಕಿಡ್ನಿ, ಲಿವರ್ ಕೆಡಿಸುತ್ತವೆ, ಪ್ರಾಣಕ್ಕೇ ಬರಬಹುದು. ನಾಯಿಗೆ ಅಂತಲೇ ನೋವಿನ ಮಾತ್ರೆಗಳಿವೆ, ತೂಕ ನೋಡಿ ಡಾಕ್ಟರ್ ಬರೆದುಕೊಡುತ್ತಾರೆ.

ಇನ್ನು ಆ ಚಪ್ಪಲಿ ಏಟು. ನಿಮ್ಮ ಮನೆಯವರ ಮೇಲೆ ನನಗೆ ಸಿಟ್ಟಿಲ್ಲ, ಮಗಳ ಮೇಲೆ ಗುರುಗುಟ್ಟಿದರೆ ಯಾವ ತಂದೆಗೂ ಕೈ ಏಳುತ್ತದೆ. ಆದರೆ ಗುರ್ ಅನ್ನುವುದು ನಾಯಿ ಕೊಡುವ ಎಚ್ಚರಿಕೆ. ಅದಕ್ಕೂ ಮುಂಚೆ ಅದು ಮುಖ ತಿರುಗಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಬರದಿದ್ದರೂ ಆಕಳಿಸುತ್ತದೆ, ಕಣ್ಣಿನ ಬಿಳಿ ಭಾಗ ಕಾಣುವ ಹಾಗೆ ಓರೆಯಾಗಿ ನೋಡುತ್ತದೆ, ಮೈ ಬಿಗಿ ಮಾಡಿಕೊಂಡು ಅಲ್ಲಾಡದೆ ನಿಂತುಬಿಡುತ್ತದೆ. ಯಾರೂ ಗಮನಿಸದಿದ್ದಾಗಲೇ ಗುರ್ ಅನ್ನುವುದು. ಅದಕ್ಕೂ ಏಟು ಬಿದ್ದರೆ ನಾಯಿ ಕಲಿಯುವುದು ಒಂದೇ, ಸದ್ದು ಮಾಡಬಾರದು ಅಂತ. ನೋವು ಹಾಗೇ ಇರುತ್ತದೆ, ಎಚ್ಚರಿಕೆ ಮಾತ್ರ ಹೋಗುತ್ತದೆ. ‘ಆಮೇಲೆ ಗುರುಗುಟ್ಟುವುದನ್ನು ಬಿಟ್ಟಿತ್ತು’ ಅಂತ ನೀವು ಬರೆದ ಸಾಲು ಓದಿದಾಗ ನನ್ನ ಎದೆ ಧಸಕ್ ಅಂತು. ಇನ್ನು ಮುಂದೆ ಅದು ಗುರ್ ಅಂದರೆ ಹೊಡೆಯಬೇಡಿ, ಬೈಯಬೇಡಿ, ಮಗುವನ್ನು ಮೆಲ್ಲಗೆ ಕರೆದುಕೊಂಡು ದೂರ ಹೋಗಿ.

ಮಗಳು ಮತ್ತು ರಾಜ ಇಬ್ಬರೇ ಒಂದು ಕೋಣೆಯಲ್ಲಿ ಒಂದು ನಿಮಿಷವೂ ಇರಬಾರದು. ಇದರಲ್ಲಿ ರಿಯಾಯಿತಿ ಇಲ್ಲ. ದೊಡ್ಡವರು ಇದ್ದಾರೆ ಅಂದರೆ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ಇರುವುದಲ್ಲ, ಪಕ್ಕದಲ್ಲಿ ಕೂತು ನೋಡುತ್ತಿರಬೇಕು. ಬಾಗಿಲಿಗೆ ಮಗುವಿನ ಎದೆಯೆತ್ತರದ ಅಡ್ಡಗೇಟು ಹಾಕಿಸಿ. ಯಾರೂ ಓಡಾಡದ ಮೂಲೆಯಲ್ಲಿ ಅದಕ್ಕೆ ದಪ್ಪ ಹಾಸಿಗೆ ಹಾಕಿ, ಅಲ್ಲಿ ಮಲಗಿದಾಗ ಯಾರೂ ಮುಟ್ಟುವ ಹಾಗಿಲ್ಲ ಅಂತ ಮಗಳಿಗೆ ಹೇಳಿಕೊಡಿ. ಊಟ ಮಾಡುವಾಗಲೂ ಅಷ್ಟೇ. ಟೈಲ್ಸ್ ನೆಲ ಜಾರಿ ಅದರ ಕಾಲು ಅಗಲವಾಗುತ್ತಿರುತ್ತದೆ, ಓಡಾಡುವ ದಾರಿಗೆ ಗೋಣಿಚೀಲವೋ ರಬ್ಬರ್ ಮ್ಯಾಟೋ ಹಾಸಿ. ಉಳಿದ ಅನ್ನ, ಬಿಸ್ಕತ್ತು ನಿಲ್ಲಿಸಿ ತೂಕ ಇಳಿಸಿ. ಇಡೀ ದಿನ ಚೈನು ಹಾಕಿ ಕಟ್ಟಬೇಡಿ, ಕಟ್ಟಿದ ನಾಯಿಗೆ ದೂರ ಸರಿಯೋಕೆ ಜಾಗವೇ ಇರುವುದಿಲ್ಲ, ಕಚ್ಚುವುದೊಂದೇ ಉಳಿಯುತ್ತದೆ.

ಬಿಟ್ಟು ಬರುವ ವಿಚಾರಕ್ಕೆ ನಾನು ಒಪ್ಪುವುದಿಲ್ಲ. ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಯಲ್ಲಿ ನರಳುವ ಹಾಗೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ ಅಪರಾಧ. ಕಾಯಿದೆ ಹಾಗಿರಲಿ, ಕಾಲು ನೋವಿರುವ ಮುದಿ ನಾಯಿ, ಎಂಟು ವರ್ಷ ನಿಮ್ಮ ಕೈಯಿಂದಲೇ ತಿಂದಿದ್ದು, ನಿಮ್ಮ ಕಾರು ಹೋದ ದಿಕ್ಕನ್ನೇ ನೋಡಿಕೊಂಡು ರಸ್ತೆ ಬದಿ ಕೂತಿರುತ್ತದೆ.

ಎಲ್ಲ ನಾಯಿಯೂ ಸರಿಹೋಗುತ್ತದೆ ಅಂತಲೂ ನಾನು ಹೇಳುವುದಿಲ್ಲ. ನೋವಿಗೆ ಔಷಧಿ ಕೊಟ್ಟು, ಇಷ್ಟೆಲ್ಲ ಮಾಡಿದ ಮೇಲೂ ಮತ್ತೆ ಆಳವಾಗಿ ಕಚ್ಚಿತು ಅಂದರೆ ಮಗುವಿನ ಜೊತೆ ಒಂದೇ ಮನೆಯಲ್ಲಿ ಇಡುವುದು ಬೇಡ. ಆಗ ಮಕ್ಕಳಿಲ್ಲದ, ವಿಷಯ ಪೂರ್ತಿ ಗೊತ್ತಿರುವ ಮನೆ ಹುಡುಕಬೇಕು, ಡಾಕ್ಟರ್ ಜೊತೆ ಕೂತು ಮಾತಾಡಬೇಕು. ಆದರೆ ಆ ಹಂತ ಇನ್ನೂ ಬಂದಿಲ್ಲ. ಮೊದಲು ಎಕ್ಸ್-ರೇ ಆಗಲಿ, ರಿಪೋರ್ಟ್ ಬಂದ ದಿನ ನನಗೆ ಫೋನ್ ಮಾಡಿ.

ಪ್ರಶ್ನೆ: ನಮ್ಮ ಹೆಣ್ಣು ಪಾಮೇರಿಯನ್‌ಗೆ ಮೂರು ವರ್ಷ. ವಾರದಿಂದ ನನ್ನ ಹಳೇ ಚಪ್ಪಲಿಯನ್ನು ಮಂಚದ ಕೆಳಗೆ ಇಟ್ಟುಕೊಂಡು ಕೂತಿದೆ. ತೆಗೆಯಲು ಹೋದರೆ ಕಚ್ಚೋಕೆ ಬರುತ್ತದೆ. ಮೊಲೆಯೂ ಊದಿದೆ. ಗಂಡು ನಾಯಿ ಹತ್ತಿರವೂ ಬಂದಿಲ್ಲ.
– ಓದುಗರು, ಹಾಸನ

ಉತ್ತರ: ಎರಡು ತಿಂಗಳ ಹಿಂದೆ ಬೆದೆಗೆ ಬಂದಿತ್ತಾ ಅಂತ ನೆನಪು ಮಾಡಿಕೊಳ್ಳಿ. ಇದು ಸುಳ್ಳು ಬಸಿರು ಇರಬಹುದು. ಬೆದೆ ಮುಗಿದ ಆರರಿಂದ ಒಂಬತ್ತು ವಾರಕ್ಕೆ ಹಾರ್ಮೋನುಗಳ ಏರುಪೇರಿನಿಂದ ಕೆಲವು ಹೆಣ್ಣು ನಾಯಿಗಳು ತಾವು ಮರಿ ಹಾಕಿದ್ದೇವೆ ಅನ್ನುವ ಹಾಗೆ ನಡೆದುಕೊಳ್ಳುತ್ತವೆ. ಅದಕ್ಕೀಗ ನಿಮ್ಮ ಚಪ್ಪಲಿಯೇ ಮರಿ. ಕೈ ಹಾಕಿ ಕಿತ್ತುಕೊಳ್ಳಬೇಡಿ, ವಾಕಿಂಗಿಗೆ ಹೋದಾಗ ಇನ್ನೊಬ್ಬರು ತೆಗೆದಿಡಲಿ. ಮೊಲೆ ಹಿಂಡಬೇಡಿ, ಹಿಂಡಿದಷ್ಟೂ ಹಾಲು ಜಾಸ್ತಿ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಾನೇ ಇಳಿಯುತ್ತದೆ. ಆದರೆ ಎರಡು ವಿಷಯ ಮೊದಲು ಖಚಿತ ಮಾಡಿಕೊಳ್ಳಿ: ನಿಜವಾಗಿಯೂ ಬಸಿರಾಗಿಲ್ಲ ಅನ್ನುವುದನ್ನು ಡಾಕ್ಟರ್ ಹತ್ತಿರ ಪರೀಕ್ಷೆ ಮಾಡಿಸಿ, ಮೊಲೆ ಕೆಂಪಾಗಿ ಬಿಸಿಯಾಗಿ ಗಟ್ಟಿಯಾಗಿದ್ದರೆ ಅವತ್ತೇ ಕರೆದೊಯ್ಯಿರಿ. ಮರಿ ಬೇಡ ಅನ್ನುವುದಾದರೆ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಯುವ ಆಪರೇಷನ್ ಮಾಡಿಸಿದರೆ ಇದು ಮತ್ತೆ ಬರುವುದಿಲ್ಲ, ಆದರೆ ಹಾಲು ಪೂರ್ತಿ ಬತ್ತಿದ ಮೇಲೆ ಮಾಡಿಸಿ.